ಇಂಗಿತ ಬಲ್ಲವರಿಗೆ ಮಾತ್ರವೇ ಸಂಸಾರ?

ಆಟಿಸಂ ಇದೆಯೆಂದು ವೈದ್ಯಲೋಕ ಮೊಟ್ಟಮೊದಲು ಗುರುತಿಸಿದ ಮಗು 2023ರ ಜೂನ್‌ನಲ್ಲಿ ತೀರಿಕೊಂಡಿತು. ಆಗ ಅದಕ್ಕೆ 89 ವರ್ಷ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್, ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಪ್ರಬಂಧದ 11 ಮಕ್ಕಳ ಪೈಕಿ ಮೊದಲನೆಯವರು. ಮುಂದೆ ಅವರು ಕಾಲೇಜು ಓದಿದರು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶದೇಶ ಸುತ್ತಿದರು. ಮದುವೆಯಾಗಲಿಲ್ಲ. ಅದು ಅವರ ಬದುಕು. ಅದರಲ್ಲಿ ನಾವು ಕೊರಗುವಂಥದ್ದೇನೂ ಇಲ್ಲ. ಆದರೆ ಇಂಥ ಬದುಕುಗಳನ್ನು ತೋರಿಸಿ ‘ಆಟಿಸಂ ಇರುವವರಿಗೆ ಅದೆಲ್ಲ ಬೇಕಿರುವುದಿಲ್ಲ’ ಎಂದು ಎಲ್ಲರ ಪರವಾಗಿಯೂ ತೀರ್ಮಾನಿಸಿಬಿಟ್ಟಿದ್ದೇವಲ್ಲ, ತಕರಾರು ಇರುವುದು ಅಲ್ಲಿ.

ಏಕೆಂದರೆ ಬೇಕಿರುತ್ತದೆ. ಜರ್ಮನಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬುದ್ಧಿಶಕ್ತಿಯ ಕೊರತೆಯಿಲ್ಲದ, ಆಟಿಸಂ ಇರುವ ಇನ್ನೂರಕ್ಕೂ ಹೆಚ್ಚು ವಯಸ್ಕರನ್ನು ಸಮೀಕ್ಷಿಸಿದ್ದರು. ಸಂಗಾತಿಯೇ ಬೇಡ ಎಂದವರು ನೂರಕ್ಕೆ ಏಳು ಮಂದಿ. ಮುಕ್ಕಾಲು ಪಾಲಿನಷ್ಟು ಜನ ಒಮ್ಮೆಯಾದರೂ ಯಾರೊಂದಿಗಾದರೂ ಸಂಬಂಧದಲ್ಲಿ ಇದ್ದವರು. ಆ ಏಳು ಮಂದಿಯ ‘ಬೇಡ’ಕ್ಕೂ ಉಳಿದವರ ‘ಬೇಕು’ವಿಗೂ ಒಂದೇ ಮರ್ಯಾದೆ ಸಲ್ಲಬೇಕು. ಇಬ್ಬರ ಮಾತನ್ನೂ ನಾವು ಕೇಳಿಲ್ಲ.

ನಮ್ಮಲ್ಲಿ ಆಟಿಸಂ ಎಂದರೆ ಇನ್ನೂ ಮಗುವೇ. ಮಾತು ತಡವಾದ ಮಗು, ಸ್ಪೀಚ್ ಥೆರಪಿ, ಶಾಲೆಯ ಸೀಟು, ಬುಧವಾರದ ಹತ್ತು ಗಂಟೆಯ ಅಪಾಯಿಂಟ್‌ಮೆಂಟು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ತೊಂಬತ್ತರ ದಶಕದಲ್ಲಿ ಅಪ್ಪ ಅಮ್ಮ ಎತ್ತಿಕೊಂಡು ಹೋದ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಇನ್ನು ಕೆಲವರಿಗೆ ಚಿಕ್ಕಂದಿನಲ್ಲಿ ಯಾರೂ ಏನೂ ಹೇಳಿರಲಿಲ್ಲ. ಕೋಡಿಂಗ್ ಕೆಲಸ ಮಾಡುತ್ತಾ, ಆಫೀಸಿನ ಪಾರ್ಟಿಗಳಲ್ಲಿ ಗೋಡೆಗೊರಗಿ ನಿಲ್ಲುತ್ತಾ, ಎರಡು ಮೂರು ಸಂಬಂಧಗಳು ಏಕೆ ಮುರಿದವೆಂದೇ ತಿಳಿಯದೆ, ಮೂವತ್ತೈದರಲ್ಲಿ ಎಲ್ಲೋ ಏನೋ ಓದಿ ‘ಇದು ನಾನೇ’ ಎಂದುಕೊಂಡವರು ಅವರು. ಇಬ್ಬರ ಮುಂದೆಯೂ ಈಗಿರುವುದು ಒಂದೇ ಪ್ರಶ್ನೆ: ಜೊತೆಗಾರರು ಸಿಗುವುದು ಹೇಗೆ?

ಸಿಗದಿರುವುದಕ್ಕೆ ಅವರಲ್ಲಿ ಪ್ರೀತಿಯ ಕೊರತೆ ಕಾರಣವಲ್ಲ. ಗಂಡು-ಹೆಣ್ಣನ್ನು ಒಂದುಗೂಡಿಸಲು ನಾವು ಇಟ್ಟುಕೊಂಡಿರುವ ಏರ್ಪಾಡುಗಳೆಲ್ಲ, ಹಳೆಯದಾಗಲಿ ಹೊಸದಾಗಲಿ, ಇಂಗಿತ ಹಿಡಿಯುವ ಚುರುಕನ್ನು ಅಳೆಯುತ್ತವೆ. ಒಟ್ಟಿಗೆ ಬಾಳುವ ಯೋಗ್ಯತೆಗೂ ಈ ಚುರುಕಿಗೂ ಸಂಬಂಧ ಬಹಳ ಕಡಿಮೆ. ಹಾಗಿದ್ದ ಮೇಲೆ ಬದಲಾಗಬೇಕಾದ್ದು ಆಟಿಸಂ ಇರುವವರೊಬ್ಬರೇ ಅಲ್ಲ ಎಂಬುದು ನನ್ನ ವಾದ.

ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಮ್ಮ ಮದುವೆ ದಲ್ಲಾಳಿಗಳು ಓದಬೇಕಿತ್ತು. ಆಟಿಸಂ ಇರುವ ಮತ್ತು ಇಲ್ಲದ ಕೆಲವರ ಮಾತನ್ನು ವಿಡಿಯೊ ಮಾಡಿ, ಅದರ ಕೆಲವೇ ಸೆಕೆಂಡುಗಳ ತುಣುಕನ್ನು ಅಪರಿಚಿತರಿಗೆ ತೋರಿಸಿದರು. ‘ಇವರೊಂದಿಗೆ ಮಾತಾಡಲು ಇಷ್ಟವೇ? ಪಕ್ಕದಲ್ಲಿ ಕೂರುತ್ತೀರಾ?’ ಆಟಿಸಂ ಇರುವವರ ಬಗ್ಗೆ, ಅವರಿಗೆ ಆಟಿಸಂ ಇದೆಯೆಂದು ಗೊತ್ತಿಲ್ಲದೆಯೇ, ಜನ ಮೂಗು ಮುರಿದರು. ವಿಡಿಯೊ ಬೇಡ, ದನಿ ಮಾತ್ರ ಕೇಳಿ ಎಂದರು, ಆಗಲೂ ಅದೇ. ಒಂದೇ ಒಂದು ಸ್ತಬ್ಧ ಚಿತ್ರ ತೋರಿಸಿದರು, ಆಗಲೂ ಅದೇ. ಆಡಿದ ಮಾತನ್ನು ಬರಹಕ್ಕಿಳಿಸಿ ಓದಲು ಕೊಟ್ಟಾಗ ಮಾತ್ರ ಆ ವ್ಯತ್ಯಾಸ ಮಾಯವಾಯಿತು. ಅಂದರೆ ಹೇಳಿದ ವಿಷಯದಲ್ಲಿ ಕೊರೆಯಿರಲಿಲ್ಲ. ನೋಟ, ದನಿಯ ಏರಿಳಿತ, ಕೈ ಇಟ್ಟುಕೊಂಡ ರೀತಿ ಹಿಡಿಸಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ ಇದಕ್ಕಿಂತ ಎಷ್ಟು ಬೇರೆ? ಕೇಸರಿಬಾತು, ಉಪ್ಪಿಟ್ಟು, ಹತ್ತು ಮಂದಿ ಹಿರಿಯರು, ಫ್ಯಾನಿನ ಸದ್ದು, ಎಲ್ಲರ ಕಣ್ಣೂ ಒಬ್ಬಳ ಮೇಲೆ. ಆಮೇಲೆ ಮಹಡಿಯ ಮೇಲೆ ಹತ್ತು ನಿಮಿಷ ‘ಮಾತಾಡಿಕೊಂಡು ಬನ್ನಿ’. ಆ ಹತ್ತು ನಿಮಿಷದಲ್ಲಿ ಹುಡುಗ ಕಣ್ಣು ತಪ್ಪಿಸಿದನೆಂದರೆ ಏನೋ ಮುಚ್ಚಿಡುತ್ತಿದ್ದಾನೆ, ರೈಲ್ವೆ ಸಿಗ್ನಲ್ ವ್ಯವಸ್ಥೆಯ ಬಗ್ಗೆಯೇ ಹತ್ತೂ ನಿಮಿಷ ಮಾತಾಡಿದನೆಂದರೆ ಸ್ವಲ್ಪ ಸಡಿಲ. ಹುಡುಗಿ ನಗಬೇಕಾದಲ್ಲಿ ನಗದಿದ್ದರೆ ಸೊಕ್ಕು. ಜಾತಿ ಸಂಘಗಳ ವಧು-ವರರ ಸಮಾವೇಶದಲ್ಲಂತೂ ಮೈಕ್ ಹಿಡಿದು ವೇದಿಕೆ ಹತ್ತಬೇಕು.

ಹಾಗೆಂದು ಆ್ಯಪ್‌ಗಳು ಬಂದು ಉದ್ಧಾರ ಮಾಡಿದವೇ? ಒಂದು ಅನುಕೂಲ ಖಂಡಿತ ಆಗಿದೆ: ಬರೆದು ಮಾತಾಡಬಹುದು. ಯೋಚಿಸಿ, ಅಳಿಸಿ, ತಿದ್ದಿ ಉತ್ತರಿಸಲು ಸಮಯವಿರುತ್ತದೆ. ಆದರೆ ಮೊದಲ ಜರಡಿ ಫೋಟೊ. ಎರಡನೆಯದು ತಮಾಷೆಯ ಚಟಪಟ ಮಾತು. ಮೂರನೆಯದು ಇಂದಿರಾನಗರದ ಯಾವುದೋ ಕೆಫೆಯಲ್ಲಿ ಕಾಫಿ ಯಂತ್ರದ ಕಿರುಚಾಟ, ಹಾಡು, ಪಕ್ಕದ ಮೇಜಿನ ನಗು ಇವೆಲ್ಲದರ ನಡುವೆ ಎದುರಿನವರ ಮಾತನ್ನು ಹೆಕ್ಕಿ ಕೇಳಿಸಿಕೊಳ್ಳುವ ಶಕ್ತಿ. ಮಾರನೆಯ ದಿನ ‘ಯಾವಾಗಲಾದರೂ ಸಿಗೋಣ’ ಎಂಬ ಸಂದೇಶ ಬಂದರೆ, ಅದರರ್ಥ ಇನ್ನು ಸಿಗುವುದಿಲ್ಲ ಎಂದು ಹೊಳೆಯಬೇಕು. ಹೊಳೆಯದವನು ‘ಶನಿವಾರ ನಾಲ್ಕಕ್ಕೆ ಆಗಬಹುದೇ?’ ಎಂದು ಕೇಳಿ ಬ್ಲಾಕ್ ಆಗುತ್ತಾನೆ.

ನಿರಾಕರಣೆಯ ಭಾಷೆಯಲ್ಲಿ ನಾವು ಕನ್ನಡಿಗರು ನಿಪುಣರು. ‘ಮನೆಯಲ್ಲಿ ಕೇಳಿ ಹೇಳ್ತೀವಿ’, ‘ಈ ವರ್ಷ ಬೇಡ ಅಂತಿದಾಳೆ’, ಎಲ್ಲಕ್ಕಿಂತ ಮಿಗಿಲಾಗಿ ‘ಜಾತಕ ಕೂಡಿಬರಲಿಲ್ಲ’. ಯಾರ ಮನಸ್ಸನ್ನೂ ನೋಯಿಸದ ಈ ಸುಳ್ಳಿಗೆ ಅದರದೇ ಒಂದು ಸೌಜನ್ಯವಿದೆ, ಒಪ್ಪೋಣ. ಆದರೆ ಮಾತನ್ನು ಇದ್ದಂತೆಯೇ ತೆಗೆದುಕೊಳ್ಳುವ ಮನಸ್ಸು, ಯಾವ ಕೂಟ ಕೂಡಲಿಲ್ಲ ಎಂದು ಇನ್ನೊಬ್ಬ ಜೋಯಿಸರ ಬಳಿ ಕೇಳಿಸಿಕೊಂಡು ಮತ್ತೆ ಫೋನು ಮಾಡುತ್ತದೆ. ಅದು ಹಟವಲ್ಲ. ಕೊಟ್ಟ ಕಾರಣವನ್ನು ನಂಬಿದ್ದಷ್ಟೇ.

ಇದೇ ಅಪಾರ್ಥ ಕೆಲವೊಮ್ಮೆ ಠಾಣೆಯವರೆಗೂ ಹೋಗುತ್ತದೆ. ಸಹಜವಾಗಿ ಹಿಡಿಯಲಾಗದ ಲೋಕರೂಢಿಯನ್ನು ಆಟಿಸಂ ಇರುವ ಎಷ್ಟೋ ಹುಡುಗರು ನೋಡಿ ಕಲಿಯುತ್ತಾರೆ. ನೋಡಲು ಎದುರಿಗಿರುವುದು ಸಿನಿಮಾ. ನಮ್ಮ ಸಿನಿಮಾ ದಶಕಗಳಿಂದ ಹೇಳಿಕೊಟ್ಟಿದ್ದೇನು? ಬಸ್‌ಸ್ಟಾಪಿನಲ್ಲಿ ಕಾಯಿ, ಬೈಕಿನಲ್ಲಿ ಹಿಂಬಾಲಿಸು, ಆಕೆ ಬೈದರೆ ಅದು ಒಲವಿನ ಮೊದಲ ಮೆಟ್ಟಿಲು. ಬೇರೆ ಹುಡುಗರು ಇದನ್ನು ಅರ್ಧ ನಂಬಿ ಅರ್ಧ ನಕ್ಕು ಬಿಡುತ್ತಾರೆ (ಎಲ್ಲರೂ ಬಿಡುವುದಿಲ್ಲ ಎಂಬುದು ಬೇರೆ ಮಾತು). ನಿಯಮವೆಂದರೆ ನಿಯಮ ಎನ್ನುವವನು ಪೂರ್ತಿ ಪಾಲಿಸುತ್ತಾನೆ. 2013ರಲ್ಲಿ ಬೆನ್ನುಬೀಳುವುದನ್ನೇ ಅಪರಾಧವೆಂದು ಸೇರಿಸಿದ ಕಾನೂನು, ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಮುಂದುವರಿದರೆ ಎಂಬ ಷರತ್ತು ಹಾಕಿದೆ. ಸ್ಪಷ್ಟವಾಗಿ ‘ಇಲ್ಲ’ ಎಂದ ಹೆಣ್ಣಿಗೆ ಏನಾಗುತ್ತದೆಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆಕೆ ಸುತ್ತಿಬಳಸಿ ಮಾತಾಡುವುದು ಜೀವಭಯದಿಂದ. ಹಾಗಾಗಿ ‘ಹುಡುಗಿಯರು ನೇರವಾಗಿ ಹೇಳಲಿ’ ಎಂದು ಹೊರೆಯನ್ನು ಅವರ ತಲೆಗೆ ಹೊರಿಸುವುದು ನ್ಯಾಯವಲ್ಲ. ಹುಡುಗನಿಗೆ ಕೊಡಬೇಕಾದ ನಿಯಮ ಬೇರೆ: ‘ಸರಿ’ ಎಂಬ ಮಾತು ಬಾಯಿಂದ ಬರದಿದ್ದರೆ ಅದು ‘ಇಲ್ಲ’ವೇ. ಎರಡು ಸಲ ಕೇಳಿ ಉತ್ತರ ಬರದಿದ್ದರೆ ಮೂರನೆಯ ಸಲ ಕೇಳುವಂತಿಲ್ಲ. ಇಂಥ ಸ್ಪಷ್ಟ ನಿಯಮವನ್ನು ಆಟಿಸಂ ಇರುವವರು ನಮಗಿಂತ ನಿಷ್ಠೆಯಿಂದ ಪಾಲಿಸಬಲ್ಲರು. ಹೇಳಿಕೊಡುವ ಧೈರ್ಯ ಮಾತ್ರ ಮನೆಯಲ್ಲೂ ಇಲ್ಲ, ಥೆರಪಿ ಕೇಂದ್ರದಲ್ಲೂ ಇಲ್ಲ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಪೀರ್ಸ್ ಎಂಬ ತರಬೇತಿಯಲ್ಲಿ ಯುವಜನರಿಗೆ ಇದನ್ನು ಪಾಠದಂತೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರೆ. ನಿರಾಕರಣೆಯನ್ನು ಒಪ್ಪಿಕೊಳ್ಳುವುದೂ ಅದರಲ್ಲಿ ಒಂದು ಪಾಠ.

ಹುಡುಗಿಯರ ಕಥೆ ಇನ್ನೂ ಸಂಕಟದ್ದು. ಮೊದಲಿಗೆ ಅವರು ಕಣ್ಣಿಗೇ ಬೀಳುವುದಿಲ್ಲ. ಮೂವರು ಗಂಡಸರಿಗೆ ಒಬ್ಬ ಹೆಂಗಸಿನಂತೆ ಗುರುತಿಸಲಾಗುತ್ತಿದೆ. ಬೇರೆಯವರನ್ನು ನೋಡಿ ನಟಿಸುವುದನ್ನು ಚಿಕ್ಕಂದಿನಲ್ಲೇ ರೂಢಿಸಿಕೊಳ್ಳುವ ಹುಡುಗಿಯರು ಲೆಕ್ಕಕ್ಕೆ ಸಿಗದೇ ಹೋಗುತ್ತಾರೆಂದು ತಜ್ಞರು ಹೇಳುತ್ತಾರೆ. ನಮ್ಮಲ್ಲಿ ‘ಬಾಯಿಲ್ಲದ ಹುಡುಗಿ, ತುಂಬಾ ಸಾಧು’ ಎಂಬುದು ಹೊಗಳಿಕೆಯಾಗಿರುವಾಗ ಯಾರು ತಾನೇ ಅನುಮಾನ ಪಟ್ಟಾರು? ಗುರುತಿಸಲ್ಪಟ್ಟವರಿಗೆ ಸಿಗುವ ತರಬೇತಿಯಾದರೂ ಎಂಥದ್ದು? ಕಣ್ಣಲ್ಲಿ ಕಣ್ಣಿಟ್ಟು ನೋಡು, ಅಂಕಲ್‌ಗೆ ಕೈ ಕೊಡು, ಹೇಳಿದಂತೆ ಕೇಳಿದರೆ ಚಾಕೊಲೇಟು. ಯಾರಾದರೂ ಮುಟ್ಟಿದರೆ ಮೈ ಮುದುಡಿಕೊಳ್ಳುವ ಹುಡುಗಿ ಅದನ್ನು ಸಹಿಸಲು ಕಲಿತರೆ ಪ್ರಗತಿ ಎಂದು ಫೈಲಿನಲ್ಲಿ ಬರೆಯುತ್ತೇವೆ. ಹದಿನೈದು ವರ್ಷ ಹೀಗೆ ಪಳಗಿಸಿದ ಮೇಲೆ ಅವಳು ಗಂಡನಿಗಾಗಲಿ ಬಂಧುವಿಗಾಗಲಿ ‘ಬೇಡ’ ಎನ್ನುವುದು ಎಲ್ಲಿಂದ ಬರಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹತ್ತನೇ ಕಲಮು, ಸಂತಾನ ಮತ್ತು ಕುಟುಂಬ ಯೋಜನೆಯ ಬಗ್ಗೆ ತಿಳಿವಳಿಕೆ ಪಡೆಯುವುದನ್ನು ಅಂಗವಿಕಲರಿಗೆ ಖಾತರಿಪಡಿಸಿದೆ. ಮುಟ್ಟಿನ ಬಗ್ಗೆ ಹೇಳಿಕೊಡುವುದರಲ್ಲೇ ನಮ್ಮ ತಿಳಿವಳಿಕೆ ಮುಗಿದುಹೋಗುತ್ತದೆ. ‘ಬೇಡ’ ಎನ್ನಲು ಕಲಿಸದೆ ಪ್ರೀತಿ, ಮದುವೆ ಎಂದು ಮಾತಾಡುವುದು ಅಪಾಯಕಾರಿ.

ಈಗ ಸಾವಿರ ಸುಳ್ಳಿನ ವಿಷಯ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆಯ ಜೊತೆಗೆ, ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಇನ್ನೊಂದೂ ನಮ್ಮಲ್ಲಿದೆ. ಮೊದಲನೆಯದನ್ನು ಜನ ತಮಾಷೆಗೆ ಹೇಳಿ ಗಂಭೀರವಾಗಿ ಪಾಲಿಸುತ್ತಾರೆ. ಎರಡನೆಯದರ ವ್ಯಂಗ್ಯವನ್ನು ಮರೆತು ಅದರ ಉತ್ತರಾರ್ಧವನ್ನು ಔಷಧದ ಚೀಟಿ ಮಾಡಿಕೊಂಡಿದ್ದಾರೆ. ‘ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ.’ ಬಂಧುಗಳು ಹೇಳುತ್ತಾರೆ, ಕೆಲವೆಡೆ ವೈದ್ಯರೂ ಹೇಳುತ್ತಾರೆ. ಆಟಿಸಂ ಹುಟ್ಟಿನಿಂದ ಬಂದ ಮಿದುಳಿನ ರೀತಿ. ಅದು ತಾಳಿ ಕಟ್ಟಿದರೆ ಹೋಗುವ ಜ್ವರವಲ್ಲ. ಏನೂ ತಿಳಿಯದೆ ಬಂದ ಸೊಸೆ, ಗಂಡ ಮಾತಾಡದಿರುವುದು ತನ್ನ ಮೇಲಿನ ಅಸಡ್ಡೆ ಎಂದುಕೊಳ್ಳುತ್ತಾಳೆ. ದಿನಚರಿ, ಕೋಣೆ, ಊಟದ ಹೊತ್ತು ಎಲ್ಲವೂ ಒಂದೇ ಸಲ ಬುಡಮೇಲಾದ ಆ ಗಂಡ, ಅಷ್ಟು ದಿನ ಹಿಡಿದಿಟ್ಟುಕೊಂಡದ್ದೆಲ್ಲ ಕುಸಿದು ಕೂಗಾಡುತ್ತಾನೆ. ಇಬ್ಬರಿಗೂ ಮೋಸವಾಗಿರುತ್ತದೆ, ಮೋಸ ಮಾಡಿದವರು ಇಬ್ಬರೂ ಅಲ್ಲ.

ಕಾನೂನಿನ ದೃಷ್ಟಿಯಿಂದಲೂ ಮುಚ್ಚಿಡುವುದು ಕೆಟ್ಟ ಲೆಕ್ಕಾಚಾರ. 1955ರ ಹಿಂದೂ ವಿವಾಹ ಕಾಯ್ದೆಯ ಐದನೇ ಕಲಮು ನೋಡುವುದು, ಒಪ್ಪಿಗೆ ಕೊಡುವ ಶಕ್ತಿ ಇದೆಯೇ, ಮಾನಸಿಕ ಕಾಯಿಲೆಯಿದ್ದರೆ ಅದು ಮದುವೆಗೆ ಅನರ್ಹಗೊಳಿಸುವಷ್ಟು ತೀವ್ರವೇ ಎಂಬುದನ್ನು. ಆಟಿಸಂ ಎಂಬ ಹೆಸರೊಂದೇ ಅಲ್ಲಿ ಯಾರನ್ನೂ ಹೊರಗಿಡುವುದಿಲ್ಲ. ಆದರೆ ಮುಖ್ಯ ಸಂಗತಿಯನ್ನು ಮರೆಮಾಚಿ ಒಪ್ಪಿಗೆ ಪಡೆದರೆ ಮದುವೆಯನ್ನು ರದ್ದು ಮಾಡಿಸಲು ಹನ್ನೆರಡನೇ ಕಲಮಿನಲ್ಲಿ ದಾರಿಯಿದೆ. ಹೇಳಿದ್ದರೆ ಉಳಿಯಬಹುದಾಗಿದ್ದ ಮದುವೆ ಮುಚ್ಚಿಟ್ಟಿದ್ದಕ್ಕೆ ಮುರಿಯಬಹುದು. ಅಂಗವಿಕಲರಿಗೆ ಮದುವೆಯ, ಕುಟುಂಬದ ಹಕ್ಕಿದೆಯೆಂದು ಸಾರುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿದೆ. ಅದೇ ಒಡಂಬಡಿಕೆ ಸಂಗಾತಿಗಳಿಬ್ಬರ ಮುಕ್ತ, ಪೂರ್ಣ ಒಪ್ಪಿಗೆಯನ್ನೂ ಕೇಳುತ್ತದೆ. ಮಾತಿನ, ತಿಳಿವಿನ ಶಕ್ತಿ ತೀರಾ ಕಡಿಮೆಯಿದ್ದು ಮದುವೆಯೆಂದರೇನೆಂದು ಗ್ರಹಿಸಲಾಗದವರೂ ಆಟಿಸಂ ಇರುವವರಲ್ಲಿದ್ದಾರೆ. ಅವರಿಗೆ ಮದುವೆ ಮಾಡಿಸುವುದನ್ನು ಹಕ್ಕಿನ ಹೆಸರಿನಲ್ಲಿ ನಾನು ಸಮರ್ಥಿಸಲಾರೆ.

‘ಹೇಳಿದರೆ ಯಾರು ಕೊಡುತ್ತಾರೆ? ತಂಗಿಯ ಮದುವೆಗೂ ತೊಡಕಲ್ಲವೇ?’ ತಂದೆತಾಯಿಯ ಈ ಅಳುಕು ಸುಳ್ಳಲ್ಲ. ಬರುವ ಸಂಬಂಧಗಳು ಕಡಿಮೆಯಾಗುತ್ತವೆ, ಬಹಳ ಕಡಿಮೆಯಾಗುತ್ತವೆ. ಹೆಣ್ಣುಮಗಳಾದರೆ ಇನ್ನೂ ಕಡಿಮೆ, ಏಕೆಂದರೆ ಗಂಡಿನ ಕೊರೆಯನ್ನು ಹೆಂಡತಿ ತುಂಬಿಕೊಡಬೇಕೆಂಬ ನಿರೀಕ್ಷೆ ಇರುವ ಸಮಾಜದಲ್ಲಿ ಅದಕ್ಕೆ ತಿರುಗುಮುರುಗಾದ ನಿರೀಕ್ಷೆ ಇಲ್ಲವೇ ಇಲ್ಲ. ಆದರೂ ಹೇಳಲೇಬೇಕು, ಮತ್ತು ಹೇಳುವುದು, ಆದಷ್ಟೂ, ಸ್ವತಃ ಆ ವ್ಯಕ್ತಿಯ ಬಾಯಿಂದಲೋ ಬರಹದಿಂದಲೋ ಆಗಬೇಕು. ಅಮ್ಮ ಅಡುಗೆಮನೆಯಲ್ಲಿ ಬೀಗಿತ್ತಿಯ ಕಿವಿಯಲ್ಲಿ ಪಿಸುಗುಟ್ಟಿದರೆ ಅದು ಕಾಯಿಲೆಯ ಸುದ್ದಿಯಾಗುತ್ತದೆ. ‘ಮೆಲ್ಲಗೆ ಸವರಿದರೆ ನನಗೆ ಮುಳ್ಳು ತಾಕಿದಂತಾಗುತ್ತದೆ, ಗಟ್ಟಿಯಾಗಿ ಹಿಡಿದರೆ ಹಾಯೆನಿಸುತ್ತದೆ, ಆಫೀಸಿನಿಂದ ಬಂದ ಮೇಲೆ ಒಂದು ಗಂಟೆ ಒಬ್ಬನೇ ಇರಬೇಕು, ಬೇಜಾರಾದರೆ ಮುಖ ನೋಡಿ ತಿಳಿದುಕೊಳ್ಳಲಾರೆ, ದಯವಿಟ್ಟು ಹೇಳಿ’ ಎಂದು ಅವನೇ ಹೇಳಿದರೆ ಅದು ಒಟ್ಟಿಗೆ ಬಾಳುವ ಬಗ್ಗೆ ಆಡಿದ ಮೊದಲ ಮಾತಾಗುತ್ತದೆ. ಆಟಿಸಂ ಇಲ್ಲದ ಎಷ್ಟು ಮಂದಿ ಮದುವೆಗೆ ಮುಂಚೆ ತಮ್ಮನ್ನು ಇಷ್ಟು ಸರಿಯಾಗಿ ಪರಿಚಯಿಸಿಕೊಂಡಿದ್ದಾರೆ?

ನಮ್ಮ ಕಡೆ ಹಿರಿಯರು ಕೂಡಿಸುವ ಮದುವೆಯ ಒಂದು ಗುಣವನ್ನು ನಾನು ಮೆಚ್ಚುವುದು ಇಲ್ಲಿಯೇ. ಅದರಲ್ಲಿ ಉದ್ದೇಶ ಬಯಲಾಗಿರುತ್ತದೆ. ಈತ ಸ್ನೇಹಕ್ಕೆ ಬಂದನೋ ಪ್ರೀತಿಗೆ ಬಂದನೋ ಎಂಬ ಒಗಟಿಲ್ಲ. ಸಂಬಳ, ಊರು, ಆಹಾರ, ಮಕ್ಕಳು ಬೇಕೋ ಬೇಡವೋ, ಅತ್ತೆಮಾವ ಜೊತೆಗಿರುತ್ತಾರೋ ಇಲ್ಲವೋ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುವುದು ಅಲ್ಲಿ ಅಸಭ್ಯವಲ್ಲ. ಇದು ಆಟಿಸಂ ಇರುವವರಿಗೆ ಹೇಳಿ ಮಾಡಿಸಿದ ಚೌಕಟ್ಟು. ಸುಳ್ಳನ್ನು, ಅವಸರವನ್ನು, ಜಾತಿಯ ಬೇಲಿಯನ್ನು ಅದರಿಂದ ಕಿತ್ತು ಹಾಕಿದರೆ. ಹತ್ತು ನಿಮಿಷದ ಮಹಡಿ ಮಾತಿನ ಬದಲು ಮೂರು ತಿಂಗಳು ಬರೆದುಕೊಳ್ಳಲಿ. ಕೆಫೆಯ ಬದಲು ಬೆಳಗಿನ ಹೊತ್ತು ಲಾಲ್‌ಬಾಗಿನಲ್ಲಿ ಅಕ್ಕಪಕ್ಕ ನಡೆಯಲಿ. ಅಕ್ಕಪಕ್ಕ ನಡೆಯುವಾಗ ಕಣ್ಣಿಗೆ ಕಣ್ಣು ಕೊಡುವ ಪ್ರಶ್ನೆಯೇ ಏಳುವುದಿಲ್ಲ. ಓಲಗ, ಫ್ಲ್ಯಾಶ್ ಲೈಟು, ಸಾವಿರ ಜನರ ಆರತಕ್ಷತೆ ಬೇಡವೆಂದರೆ ನೋಂದಣಿ ಕಚೇರಿಯ ಸಹಿ ಸಾಕು.

‘ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡರೆ ಪ್ರೀತಿಯ ಸೊಗಸೇ ಹೋಯಿತಲ್ಲ’ ಎನ್ನುವವರಿದ್ದಾರೆ. ಕುಡಿನೋಟ, ಮೌನದ ಮಾತು ಇವೆಲ್ಲ ನಮ್ಮ ಕಾವ್ಯದ ಆಸ್ತಿ, ನನಗೂ ಪ್ರಿಯ. ಆದರೆ ಹೇಳದೆಯೇ ತಿಳಿಯಬೇಕಿತ್ತು ಎಂಬ ಮುನಿಸಿನಲ್ಲಿ ಕಳೆದುಹೋದ ದಾಂಪತ್ಯಗಳಿಗೆ ಲೆಕ್ಕವಿದೆಯೇ? ಅವುಗಳಲ್ಲಿ ಹೆಚ್ಚಿನವು ಆಟಿಸಂ ಇಲ್ಲದವರವೇ.

ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವವರು, 2012ರಲ್ಲಿ ಒಂದು ಸರಳ ಮಾತು ಹೇಳಿದರು: ಅವರು ನಮ್ಮನ್ನು ಅರಿಯಲಾರರು ಎಂದು ದೂರುತ್ತೇವೆ, ನಾವು ಅವರನ್ನು ಅರಿಯುತ್ತಿದ್ದೇವೆಯೇ? ತೊಡಕು ಎರಡೂ ಕಡೆಯದು. ಕ್ಯಾಥರೀನ್ ಕ್ರಾಂಪ್ಟನ್ ತಂಡ 2020ರಲ್ಲಿ ಇದನ್ನು ಒರೆಗೆ ಹಚ್ಚಿತು. ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಎಂಟೆಂಟು ಮಂದಿಯ ಸಾಲುಗಳನ್ನು ಮಾಡಿದರು. ಆಟಿಸಂ ಇರುವವರೇ ಇದ್ದ ಸಾಲುಗಳು, ಇಲ್ಲದವರೇ ಇದ್ದ ಸಾಲುಗಳಷ್ಟೇ ಚೆನ್ನಾಗಿ ಕಥೆಯನ್ನು ಕೊನೆಯವರೆಗೆ ಮುಟ್ಟಿಸಿದವು. ಕಥೆ ಹೆಚ್ಚು ಸೋರಿಹೋದದ್ದು ಬೆರಕೆಯ ಸಾಲುಗಳಲ್ಲಿ. ಮೊದಲು ಹೇಳಿದ ಜರ್ಮನ್ ಅಧ್ಯಯನದಲ್ಲೂ ಸಂಗಾತಿಗೂ ಆಟಿಸಂ ಇದ್ದವರು ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ‘ಇಬ್ಬರೂ ಹಾಗೇ ಇದ್ದರೆ ಮನೆ ನಡೆಯುವುದು ಹೇಗೆ?’ ಎಂಬ ನಮ್ಮ ಗಾಬರಿಗೆ ಇದು ಒಂದು ಉತ್ತರ. ಹಾಗೆಂದು ಅವರನ್ನು ಅವರವರಲ್ಲೇ ಜೋಡಿಸಿ ಕೈ ತೊಳೆದುಕೊಂಡರೆ ಇರುವ ಒಳಜಾತಿಗಳಿಗೆ ಇನ್ನೊಂದನ್ನು ಸೇರಿಸಿದಂತೆ. ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಶುರುವಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಜನಪ್ರಿಯವಾದ ‘ಲವ್ ಆನ್ ದ ಸ್ಪೆಕ್ಟ್ರಮ್’ ಎಂಬ, ಆಟಿಸಂ ಇರುವವರ ಸಂಗಾತಿ ಹುಡುಕಾಟದ ಕಾರ್ಯಕ್ರಮ ನೋಡುವಾಗ ನನಗೆ ಕಿರಿಕಿರಿಯಾಗುವುದು ಎರಡೂ ಕಡೆಯ ಈ ತೊಡಕಿಗೇ ಸಂಬಂಧಿಸಿದ ಒಂದು ಸಂಗತಿಯಿಂದ: ಹೇಗೆ ಕೂರಬೇಕು, ಯಾವಾಗ ಪ್ರಶ್ನೆ ಕೇಳಬೇಕು ಎಂಬ ತಾಲೀಮೆಲ್ಲ ಆಟಿಸಂ ಇರುವವರಿಗೆ. ಉಳಿದವರಿಗೂ ಒಂದು ತಾಲೀಮು ಬೇಕೆಂದು ಕಾರ್ಯಕ್ರಮಕ್ಕೆ ತೋಚಿದಂತಿಲ್ಲ.

ಕಡೆಗೆ, ಮದುವೆಯ ಮಾತಿನ ಹಿಂದೆ ಅಡಗಿ ಕುಳಿತಿರುವ ಇನ್ನೊಂದು ಪ್ರಶ್ನೆಯನ್ನು ಹೊರಗೆಳೆಯಬೇಕು. ‘ನಮ್ಮ ನಂತರ ಇವನನ್ನು ಯಾರು ನೋಡಿಕೊಳ್ಳುತ್ತಾರೆ?’ ಎಷ್ಟೋ ತಂದೆತಾಯಿ ಸೊಸೆಯನ್ನು ಹುಡುಕುವಾಗ ನಿಜಕ್ಕೂ ಹುಡುಕುತ್ತಿರುವುದು ಇದಕ್ಕೆ ಉತ್ತರ. ಬಡವರ ಮನೆಯ, ಬಾಯಿ ಸತ್ತ ಹುಡುಗಿಯೇ ಆಗಬೇಕೆಂಬ ಆಯ್ಕೆಯಲ್ಲಿ ಅದು ಕಾಣುತ್ತದೆ. ಆ ಹುಡುಗಿ ಹೆಂಡತಿಯ ಹೆಸರಿನಲ್ಲಿ ಸಂಬಳವಿಲ್ಲದ ದಾದಿ. ಆ ಹುಡುಗ ತನ್ನ ಮದುವೆಯಲ್ಲೇ ರೋಗಿ. ಈ ಪ್ರಶ್ನೆಗೆ ಉತ್ತರಿಸಬೇಕಾದದ್ದು ಸರ್ಕಾರ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹುಟ್ಟಿದ್ದೇ ತಂದೆತಾಯಿಯ ಈ ಭಯದಿಂದ. ಅಗತ್ಯವಿರುವವರಿಗೆ ಪೋಷಕರನ್ನು ನೇಮಿಸಲು ಅದರಡಿ ಸ್ಥಳೀಯ ಸಮಿತಿಗಳಿವೆ. ವಯಸ್ಕರು ಕಡೆತನಕ ಇರಬಹುದಾದ ಗುಂಪುಮನೆಗಳಿಗೆ ‘ಘರೌಂದಾ’ ಎಂಬ ಯೋಜನೆಯಿದೆ. ಅಂಥ ಮನೆಗಳು, ಸ್ವತಂತ್ರವಾಗಿ ಬಾಡಿಗೆಗಿದ್ದುಕೊಂಡೇ ವಾರಕ್ಕೆ ಕೆಲವು ಗಂಟೆ ನೆರವು ಪಡೆಯುವ ಏರ್ಪಾಡುಗಳು ಜಿಲ್ಲೆ ಜಿಲ್ಲೆಯಲ್ಲೂ ಕೈಗೆಟುಕುವಂತಿದ್ದರೆ, ಸೊಸೆಯ ಹುಡುಕಾಟ ಅರ್ಧಕ್ಕರ್ಧ ನಿಂತುಹೋಗುತ್ತಿತ್ತೆಂದು ನನ್ನ ಅಂದಾಜು. ಆಗ ಮದುವೆ ಬೇಡ ಎನ್ನುವ ಮಗನಿಗೆ ಯಾರೂ ಒತ್ತಾಯ ಮಾಡಬೇಕಿರುವುದಿಲ್ಲ. ಬೇಕು ಎನ್ನುವ ಮಗಳೂ, ನೋಡಿಕೊಳ್ಳುವವನು ಸಿಕ್ಕರೆ ಸಾಕೆಂದು ಸಿಕ್ಕವನಿಗೆ ಕೊರಳೊಡ್ಡದೆ, ತನಗೆ ಯಾರು ಇಷ್ಟವೆಂದು ನಿಧಾನವಾಗಿ ನೋಡಿಕೊಳ್ಳಬಹುದು.